ಮಳೆಗೆ ಬೇರೆ ದುಡ್ಡು

ಅಮ್ಮ ಸತ್ತಾಗ ನಾನು ಅಳಲಿಲ್ಲ. ನೆಂಟರು ಅದನ್ನು ಮೆಚ್ಚಿಕೊಂಡರು, ಗಟ್ಟಿ ಹುಡುಗಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ತಟ್ಟೆ ಇಟ್ಟರೆ ಉಣ್ಣುತ್ತಿದ್ದೆ, ಯಾರಾದರೂ ಮಾತಾಡಿಸಿದರೆ ಹೂಂ ಅನ್ನುತ್ತಿದ್ದೆ, ಉಳಿದ ಹೊತ್ತು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಆಗ ನನಗೆ ಇಪ್ಪತ್ತೆರಡು. ಇಂದಿರಾನಗರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಎರಡು ವಿಷಯ ಮಾತ್ರ ಮುಗಿಸದೆ, ದೊಡ್ಡನೆಕ್ಕುಂದಿಯ ಮನೆಯಲ್ಲಿದ್ದೆ. ಮನೆಯಲ್ಲಿ ಅಪ್ಪ, ಅಣ್ಣ, ನಾನು.

ನಮ್ಮದು ಆ ಊರಿನ ಹಳೆಯ ಮನೆ. ತಾತನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದರಂತೆ, ನನಗೆ ನೆನಪಿರುವುದು ಸೊಪ್ಪು. ಅಮ್ಮ ಕಟ್ಟಿದ ದಂಟು, ಮೆಂತ್ಯದ ಕಟ್ಟುಗಳು ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದವು. ಸುತ್ತ ಕಾರ್ಖಾನೆ, ಆಮೇಲೆ ಗಾಜಿನ ಕಟ್ಟಡದ ಕಂಪನಿಗಳು ಬಂದ ಹಾಗೆ ಹೊಲ ತುಂಡು ತುಂಡಾಗಿ ಹೋಗಿ, ಕೊನೆಗೆ ಇಪ್ಪತ್ತು ಗುಂಟೆ ಉಳಿಯಿತು. ಅದರ ಮೂಲೆಯಲ್ಲೇ ಅಮ್ಮನನ್ನು ಮಣ್ಣು ಮಾಡಿದೆವು. ನಮ್ಮಲ್ಲಿ ಸುಡುವುದಿಲ್ಲ. ಸತ್ತವರು ಸ್ವಂತ ಹೊಲದಲ್ಲೇ ಇರುತ್ತಾರೆ, ಮೇಲೊಂದು ಸಿಮೆಂಟಿನ ಕಟ್ಟೆ ಕಟ್ಟುತ್ತೇವೆ, ಪಿತೃಪಕ್ಷದಲ್ಲಿ ಅಲ್ಲಿಗೇ ಹೋಗಿ ಎಡೆ ಇಡುತ್ತೇವೆ. ಹೊಲ ಮಾರುವಾಗ ‘ಸಮಾಧಿ ಜಾಗ ಬಿಟ್ಟು’ ಎಂದು ಕಾಗದದಲ್ಲಿ ಒಂದು ಸಾಲು ಬರೆಸುವುದು ಊರಿನಲ್ಲಿ ಎಲ್ಲರೂ ಮಾಡುವ ಕೆಲಸ. ತಾತನ ಜಾಗ ಹಾಗೆಯೇ ಉಳಿದಿದೆ. ಯಾರದೋ ಗೋದಾಮಿನ ಹಿಂದೆ, ನಾಲ್ಕು ಕಲ್ಲುಗಳ ನಡುವೆ ತಾತ ಆರಾಮವಾಗಿದ್ದಾನೆ.

ನಾನು ಆಡುತ್ತಿದ್ದ ಆಟದಲ್ಲಿ ಗೆಲ್ಲುವುದು, ಸೋಲುವುದು ಎಂಬುದೇ ಇರಲಿಲ್ಲ. ಕಂಪ್ಯೂಟರ್ ಒಳಗೆ ಒಂದು ಮನೆ ಕಟ್ಟಬೇಕು, ಜನರನ್ನು ಮಾಡಿ ಅದರೊಳಗೆ ಇಡಬೇಕು, ಅವರನ್ನು ಬದುಕಿಸಬೇಕು. ಅವರಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಯಾರೂ ಮಾತಾಡಿಸದಿದ್ದರೆ ಬೇಜಾರಾಗುತ್ತದೆ. ಒಂದೊಂದಕ್ಕೂ ಒಂದು ಹಸಿರು ಪಟ್ಟಿ. ಪಟ್ಟಿ ಕೆಂಪಾದರೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ನಮ್ಮಮ್ಮನ ಕಿಡ್ನಿ ಹೋಗಿದೆ ಎಂದು ಡಾಕ್ಟರು ಹೇಳುವ ತನಕ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಆಟದಲ್ಲಿ ನಾನು ನಮ್ಮ ಮನೆಯನ್ನೇ ಮಾಡಿಕೊಂಡಿದ್ದೆ. ಅಪ್ಪ, ಅಣ್ಣ, ನಾನು, ಅಮ್ಮ. ಅಮ್ಮನ ಮೂಗು ಸರಿಬರಲು ಎರಡು ದಿನ ಹಿಡಿಯಿತು. ಅದರಲ್ಲಿ ಸೀರೆ ಇರಲಿಲ್ಲ, ಇದ್ದುದರಲ್ಲಿ ಉದ್ದನೆಯದೊಂದು ಗೌನು ತೊಡಿಸಿದೆ. ಮುದ್ದೆಯೂ ಇರಲಿಲ್ಲ. ಅಮ್ಮ ಮೂರು ಹೊತ್ತೂ ಹಸಿ ತರಕಾರಿ ಹೆಚ್ಚಿ ಬಟ್ಟಲಿಗೆ ಹಾಕಿ ಕೊಡುತ್ತಿದ್ದಳು, ಅಪ್ಪ ಮಾತಿಲ್ಲದೆ ತಿನ್ನುತ್ತಿದ್ದ. ನಿಜವಾದ ಅಪ್ಪ ಅದನ್ನು ನೋಡಿದ್ದರೆ ತಟ್ಟೆ ದೂಡಿ ಏಳುತ್ತಿದ್ದ. ಅಲ್ಲಿನ ಜನಕ್ಕೂ ವಯಸ್ಸಾಗಿ ಸಾವು ಬರುತ್ತದೆ. ಬರದ ಹಾಗೆ ಮಾಡಲು ಒಂದು ಅಡ್ಡದಾರಿ ಇತ್ತು, ಅದನ್ನು ಮೊದಲ ದಿನವೇ ಕಲಿತೆ.

ಆ ಆಟವನ್ನು ಶಿವಾಜಿನಗರದ ಒಂದು ಗೂಡಂಗಡಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟ ಕಾಪಿ ಡಿಸ್ಕಾಗಿ ತಂದಿದ್ದೆ. ಬರೀ ಮೂಲ ಆಟ. ಅದರಲ್ಲಿ ಮಳೆ ಬರುವುದಿಲ್ಲ. ಬೇಸಿಗೆಯೂ ಇಲ್ಲ, ಚಳಿಯೂ ಇಲ್ಲ, ಬೆಳಗಾಗುತ್ತದೆ, ಸಂಜೆಯಾಗುತ್ತದೆ. ಕಾಲೇಜು ಬೇಕಾದರೆ ಇನ್ನೊಂದು ಡಬ್ಬಿ ಕೊಳ್ಳಬೇಕು, ಅಂಗಡಿ ಇಡಬೇಕಾದರೆ ಮತ್ತೊಂದು, ನಾಯಿ ಸಾಕಬೇಕಾದರೆ ಮಗದೊಂದು. ಮಳೆಗೂ ಬೇರೆ ದುಡ್ಡು. ಇಂದಿರಾನಗರದ ನೂರಡಿ ರಸ್ತೆಯ ಒಂದು ಅಂಗಡಿಯಲ್ಲಿ ಆ ಡಬ್ಬಿಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು, ಚಿನ್ನದಂಗಡಿಯ ಹಾಗೆ. ನಾನು ಬೆಲೆ ಕೇಳಿ ಸುಮ್ಮನೆ ಬಂದಿದ್ದೆ. ಅವನ್ನೂ ಕಾಪಿ ಡಿಸ್ಕಿನಲ್ಲಿ ತಂದು ಹಾಕಿದರೆ ಅರ್ಧಕ್ಕೆ ನಿಂತುಹೋಗುತ್ತಿತ್ತು.

ನನಗೆ ಬೇಕಾಗಿದ್ದುದು ಮಳೆಯದು. ಅದರಲ್ಲಿ ನಾಲ್ಕು ಕಾಲಗಳೂ ಬರುತ್ತವೆ, ಹಿತ್ತಲಲ್ಲಿ ಮಣ್ಣು ಅಗೆದು ಟೊಮೆಟೊ ಹಾಕಬಹುದು. ಆಟದ ಅಮ್ಮನಿಗೆ ಮಾಡಲು ಕೆಲಸವೇ ಇರಲಿಲ್ಲ, ತರಕಾರಿ ಹೆಚ್ಚಿಟ್ಟು ಗೋಡೆ ನೋಡುತ್ತಾ ನಿಂತಿರುತ್ತಿದ್ದಳು. ಅದು ನನಗೆ ನೋಡಲಾಗುತ್ತಿರಲಿಲ್ಲ. ಆ ವರ್ಷ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಕೇಳಿದ್ದು ಅಣ್ಣನನ್ನು.

ಅಷ್ಟರಲ್ಲಿ ಆ ಇಪ್ಪತ್ತು ಗುಂಟೆಯ ವ್ಯಾಪಾರವೂ ಕುದುರಿತ್ತು. ಕುದುರಿಸಿದವರು ಅಪ್ಪನ ಬಾಲ್ಯದ ಗೆಳೆಯ. ಇಬ್ಬರೂ ಒಟ್ಟಿಗೆ ಕೆರೆಯಲ್ಲಿ ಎಮ್ಮೆ ತೊಳೆದವರು, ನಾವು ಅವರನ್ನು ಮಾವ ಅನ್ನುತ್ತಿದ್ದೆವು. ಅಪಾರ್ಟ್‌ಮೆಂಟ್ ಕಟ್ಟುವ ಕಂಪನಿಯವರ ಪರವಾಗಿ ಅವರೇ ಕ್ರಯಪತ್ರದ ಕರಡು ತಂದುಕೊಟ್ಟರು. ಹತ್ತು ಪುಟ, ಪೂರ್ತಿ ಇಂಗ್ಲಿಷ್.

“ಸಮಾಧಿ ಜಾಗದ್ದು ಹೇಳಿವ್ನಿ. ಬರ್ದವ್ರೋ ಇಲ್ವೋ, ಓದಿ ನೋಡ್ಕಳಿ. ಬಿಟ್ಟೋಗಿದ್ರೆ ಹೇಳಿ, ಸೇರಿಸ್ತಾರೆ,” ಎಂದು ಜಗಲಿಯಲ್ಲಿ ಅವರು ಹೇಳಿದ್ದು ನನಗೆ ಒಳಗಿನಿಂದಲೇ ಕೇಳಿಸಿತು.

ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅಣ್ಣನ ಇಂಗ್ಲಿಷ್ ಬೈಕಿನ ಬಿಡಿಭಾಗಗಳಿಗೆ ಸಾಕಾಗುವಷ್ಟು. ಮನೆಯಲ್ಲಿ ಓದಿದವಳು ನಾನೇ.

ಮರುದಿನ ಮಧ್ಯಾಹ್ನ ಅಣ್ಣ ಡಬ್ಬಿಗಳನ್ನು ತಂದ. ಮೂಲ ಆಟದ ಅಸಲಿ ಡಬ್ಬಿ ಒಂದು, ಮಳೆಯದು ಒಂದು. ಕಂಪನಿಯವರು ಕೊಟ್ಟ ಮುಂಗಡದಲ್ಲಿ ತಂದಿದ್ದ. “ಇರೋ ಹೊಲ ಮಾರಿ ಕಂಪ್ಯೂಟ್ರಲ್ಲಿ ಹೊಲ ಮಾಡ್ತಾವ್ಳೆ ನೋಡಪ್ಪ ನಿನ್ ಮಗ್ಳು,” ಎಂದು ನಕ್ಕ. ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲಿರಬೇಕು. ನಾನು ಹಳೆಯದನ್ನು ತೆಗೆದು ಹೊಸದನ್ನು ಹಾಕಲು ಕೂತೆ. ಅದಕ್ಕೆ ಬಹಳ ಹೊತ್ತು ಬೇಕು. ಒಂದು ಡಿಸ್ಕು ಮುಗಿದ ಮೇಲೆ ಇನ್ನೊಂದು ಹಾಕು ಎಂದು ಕೇಳುತ್ತದೆ, ನಡುವೆ ಕರೆಂಟು ಹೋದರೆ ಎಲ್ಲ ಮೊದಲಿನಿಂದ.

ಅಪ್ಪ ಕರಡು ಹಿಡಿದುಕೊಂಡು ಬಂದು ನನ್ನ ಪಕ್ಕ ನಿಂತ.

“ಅಮ್ಮನ ಜಾಗ ಬಿಟ್ಟು ಅಂತ ಬರ್ದವ್ರಾ ನೋಡಮ್ಮ.”

ಕಾಗದ ತೆಗೆದುಕೊಂಡೆ. ಪುಟ ತಿರುಗಿಸಿದೆ, ಅದು ನಿಜ. ಮೊದಲ ಪುಟ, ನಡುವಿನ ಒಂದೆರಡು, ಕೊನೆಯದು. ಅಕ್ಷರಗಳು ಕಂಡವು. ಅಷ್ಟರಲ್ಲಿ ಮೂರನೇ ಡಿಸ್ಕು ಹಾಕು ಎಂದು ಪರದೆ ಕೇಳಿತು.

“ಬರ್ದವ್ರೆ ಅಪ್ಪ,” ಎಂದೆ.

“ಸರ್ಯಾಗ್ ನೋಡ್ದಾ?”

“ನೋಡ್ದೆ. ಐತೆ.”

ಆಮೇಲೆ ಓದೋಣ ಅಂದುಕೊಂಡಿದ್ದೆ ಎಂದು ಈಗ ಹೇಳಿದರೆ ಅದೂ ಸುಳ್ಳಾಗುತ್ತದೆ. ಏನೂ ಅಂದುಕೊಂಡಿರಲಿಲ್ಲ. ಅಪ್ಪ ಪಕ್ಕದಿಂದ ಹೋದರೆ ಸಾಕಿತ್ತು. ಅಪ್ಪ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹೋದ, ನಾನು ಮೂರನೇ ಡಿಸ್ಕು ಹಾಕಿದೆ. ಸಂಜೆಯ ಹೊತ್ತಿಗೆ ಆಟದಲ್ಲಿ ಮಳೆ ಬಂತು. ಅಮ್ಮ ಛತ್ರಿ ಹಿಡಿದುಕೊಂಡು ಹಿತ್ತಲಿಗೆ ಹೋದಳು.

ವಾರದ ಮೇಲೆ ಕೆ.ಆರ್. ಪುರದ ನೋಂದಣಿ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋದರು. ಹೆಣ್ಣುಮಕ್ಕಳ ಸಹಿಯೂ ಬೇಕು ಎಂಬ ಕಾನೂನು ಆಗ ಹೊಸದಾಗಿ ಬಂದಿತ್ತು. ಅಲ್ಲಿ ಮೂರು ಗಂಟೆ ಕಾದೆವು. ಕಾಗದ ಪೂರ್ತಿ ಹೊತ್ತು ನನ್ನ ತೊಡೆಯ ಮೇಲೇ ಇತ್ತು. ನೋಡಿಕೋ ಎಂದು ಅಪ್ಪನೇ ಕೊಟ್ಟಿದ್ದ. ಅಲ್ಲಾದರೂ ಓದಬಹುದಿತ್ತು. ನಾನು ಎದುರಿನ ಗೋಡೆಯ ಎಲೆಯಡಿಕೆ ಕಲೆ ನೋಡುತ್ತಾ ಟೊಮೆಟೊ ಹಣ್ಣಾಗಲು ಇನ್ನೆಷ್ಟು ದಿನ ಎಂದು ಯೋಚಿಸುತ್ತಿದ್ದೆ. ಕರೆದಾಗ ಎದ್ದು ಹೋಗಿ ಎಲ್ಲ ಪುಟಗಳ ಕೆಳಗೂ ಸಹಿ ಹಾಕಿದೆ, ಹೆಬ್ಬೆಟ್ಟು ಒತ್ತಿದೆ. ಇಂಕು ಎರಡು ದಿನ ಹೋಗಲಿಲ್ಲ, ಮೌಸಿಗೂ ಹತ್ತಿತು.

ಆಟದಲ್ಲಿ ಬೇಸಿಗೆ ಹೋಯಿತು, ಎಲೆ ಉದುರಿತು, ಹಿಮ ಬಿತ್ತು. ದೊಡ್ಡನೆಕ್ಕುಂದಿಯಲ್ಲಿ ಹುಟ್ಟಿ, ಅಲ್ಲೇ ಸೊಪ್ಪು ಬೆಳೆದು, ಅಲ್ಲೇ ಮಣ್ಣಾದ ನಮ್ಮಮ್ಮನ ತಲೆಯ ಮೇಲೆ ಹಿಮ. ತಾನಾಗಿಯೇ ಎಲ್ಲಿಂದಲೋ ಒಂದು ದಪ್ಪ ಕೋಟು ಹಾಕಿಕೊಂಡು ಓಡಾಡುತ್ತಿದ್ದಳು. ನನಗೆ ಅದು ವಿಚಿತ್ರ ಎಂದೂ ಅನ್ನಿಸಲಿಲ್ಲ.

ಜೆಸಿಬಿ ಬಂದಿದೆ ಎಂದು ಊರಿನವರೊಬ್ಬರು ಬಂದು ಹೇಳಿದ್ದು ಒಂದು ಬೆಳಗ್ಗೆ. ಅಪ್ಪ, ಅಣ್ಣ ಬೈಕಿನಲ್ಲಿ ಹೋಗುವಷ್ಟರಲ್ಲಿ ಹೊಲ ಮಟ್ಟಸವಾಗಿತ್ತು. ಕಟ್ಟೆಯ ಸಿಮೆಂಟಿನ ಚೂರು ಕೂಡ ಬೇರೆ ಮಣ್ಣಿನ ಜೊತೆ ಲಾರಿ ಹತ್ತಿತ್ತು. ಅಲ್ಲಿದ್ದ ಎಂಜಿನಿಯರು ಮರ್ಯಾದೆಯಿಂದಲೇ ಮಾತಾಡಿ ಕಾಗದದ ಪ್ರತಿ ತೋರಿಸಿದನಂತೆ. ಇಪ್ಪತ್ತು ಗುಂಟೆ, ಪೂರ್ತಿ. ಬಿಟ್ಟ ಜಾಗ ಎಂಬ ಮಾತು ಎಲ್ಲೂ ಇಲ್ಲ.

ಮನೆಗೆ ಬಂದವನೇ ಅಣ್ಣ ಕೇಳಿದ. “ನೀನ್ ಓದಿದ್ದೆ ತಾನೆ?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ. “ಅವ್ಳು ಓದವ್ಳೆ. ನಾನೇ ಪಕ್ಕದಲ್ಲಿದ್ದೆ. ಎರಡು ಸಲ ಕೇಳ್ದೆ, ಐತೆ ಅಂದ್ಲು. ಆಮೇಲ್ ಕಾಗ್ದ ಬದಲಾಯ್ಸವ್ರೆ. ಅವನೇ ಬದಲಾಯ್ಸಿರೋದು.”

ಅವನು ಎಂದರೆ ಮಾವ. ಮಗಳು ಓದಿ ಇದೆ ಎಂದಿದ್ದಾಳೆ, ಈಗ ಇಲ್ಲ. ಹಾಗಾದರೆ ನಡುವೆ ಯಾರೋ ಮೋಸ ಮಾಡಿರಬೇಕು. ಅಪ್ಪನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಮೊದಲನೆಯ ಮಾತೊಂದನ್ನು ಬಿಟ್ಟು.

ಮಾವ ಅದೇ ದಿನ ಬಂದರು. ಜಗಲಿಯಲ್ಲಿ ನಿಂತು, ಮಕ್ಕಳ ತಲೆ ಮುಟ್ಟಿ ಹೇಳುತ್ತೇನೆ ಎಂದರು. “ಓದ್ಕಳಿ ಅಂತ ನಾನೇ ಅಲ್ವಾ ಹೇಳಿದ್ದು? ಬಿಟ್ಟೋಗೈತೆ ಅಂತ ಒಂದ್ ಮಾತು ಅಂದಿದ್ರೆ ಸೇರಿಸ್ತಿರ್ಲಿಲ್ವಾ?” ಎಂದರು. ಅಪ್ಪ ಮುಖ ತಿರುಗಿಸಿ ಕೂತಿದ್ದ. ನಾನು ಒಳಗೆ ಕಂಪ್ಯೂಟರ್ ಮುಂದೆ ಇದ್ದೆ, ಬಾಗಿಲು ತೆರೆದಿತ್ತು. ಮಾವ ಒಮ್ಮೆ ನನ್ನ ಕಡೆ ನೋಡಿದರು. ಗೊತ್ತಾಗಿತ್ತು ಅಂದುಕೊಳ್ಳುತ್ತೇನೆ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮತ್ತೆ ಅವರಿಬ್ಬರೂ ಮಾತಾಡಲಿಲ್ಲ. ಮಾವ ಸತ್ತಾಗ ಊರೆಲ್ಲ ಹೋಯಿತು, ಅಪ್ಪ ಹೋಗಲಿಲ್ಲ.

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅಪ್ಪ ಬೈಯುತ್ತಿದ್ದ, ಬಹುಶಃ ಅಷ್ಟೂ ಇಲ್ಲ. ಗೆಳೆಯ ಉಳಿಯುತ್ತಿದ್ದ. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಎದ್ದು ಜಗಲಿಗೆ ಹೋಗಲಿಲ್ಲ. ಹೆದರಿಕೆ ಎನ್ನೋಣ ಎಂದರೆ ಹೆದರಿಕೆಯೂ ಆಗಿರಲಿಲ್ಲ. ಅಪ್ಪ ಈಗಿಲ್ಲ. ಕೊನೆಯವರೆಗೂ ನಾನು ಹೇಳಲಿಲ್ಲ.

ಹೇಳಬಹುದಾಗಿದ್ದ ಇನ್ನೊಂದು ಸಲವೂ ಬಂದಿತ್ತು. ಮುಂದಿನ ಪಿತೃಪಕ್ಷದ ಹೊತ್ತಿಗೆ ಅಲ್ಲಿ ನಾಲ್ಕು ಅಂತಸ್ತು ಎದ್ದಿತ್ತು, ಗೇಟು ಬಂದಿತ್ತು. ಎಡೆಯನ್ನು ಮನೆಯಲ್ಲೇ ಇಡೋಣ ಎಂದ ಅಣ್ಣ. ಅಪ್ಪ ಕೇಳಲಿಲ್ಲ. ಮುದ್ದೆ, ಕೋಳಿಸಾರು, ವಡೆ, ಒಂದು ಹೊಸ ಸೀರೆ, ಎಲ್ಲ ಬುಟ್ಟಿಗೆ ತುಂಬಿಸಿಕೊಂಡು ಆಟೋದಲ್ಲಿ ಅಪ್ಪ, ನಾನು ಹೋದೆವು. ಕಾವಲಿನವನು ಒಳಗೆ ಬಿಡಲಿಲ್ಲ. ಅವನ ಮೇಲಿನವನನ್ನು ಕರೆಸಿದ. ಬಂದವನಿಗೆ ನನ್ನಷ್ಟೇ ವಯಸ್ಸು, ಕೈಯಲ್ಲಿ ವಾಕಿಟಾಕಿ.

ಅಪ್ಪ ಹೇಳಿದ. “ನನ್ ಹೆಂಡ್ತಿ ಒಳಗವ್ಳೆ. ಅವಳ ಜಾಗ ಬಿಟ್ಟೇ ನಾನು ಮಾರಿದ್ದು. ಕಾಗ್ದ ಬದಲಾಯ್ಸಿ ಮೋಸ ಮಾಡವ್ರೆ. ನನ್ ಮಗ್ಳು ಬಿ.ಕಾಂ. ಓದವ್ಳೆ. ಅವ್ಳೇ ಕಾಗ್ದ ಓದಿದ್ದು, ಕೇಳಿ ಬೇಕಾದ್ರೆ.”

ಆತ ನನ್ನ ಕಡೆ ತಿರುಗಿದ. “ಹೌದಾ ಮೇಡಂ?”

ಅಪ್ಪನೂ ನನ್ನ ಕಡೆ ನೋಡಿದ. ಬುಟ್ಟಿ ಅವನ ತಲೆಯ ಮೇಲಿತ್ತು, ಎರಡೂ ಕೈ ಮೇಲಿದ್ದವು. ಆಗ ನನಗೆ ನಾಚಿಕೆಯಾಯಿತು. ಒಂದೂವರೆ ವರ್ಷದಲ್ಲಿ ನನಗೆ ಏನಾದರೂ ಆಗಿದ್ದು ಅದೇ ಮೊದಲು.

“ಹೌದು,” ಎಂದೆ. “ನಾನೇ ಓದಿದ್ದೆ. ಬರೆದಿದ್ರು.”

ಆತ ಪಾಪ ಎಂದ. ವಾಕಿಟಾಕಿಯಲ್ಲಿ ಏನೋ ಹೇಳಿ, ಹತ್ತು ನಿಮಿಷದಲ್ಲಿ ಮುಗಿಸಿಕೊಳ್ಳಿ ಎಂದು ಗೇಟು ತೆಗೆಸಿದ.

ಅಪ್ಪ ರಸ್ತೆಯ ಕರೆಂಟು ಕಂಬವನ್ನು ನೋಡಿಕೊಂಡು ಹೆಜ್ಜೆ ಎಣಿಸುತ್ತಾ ಹೋಗಿ, ಕಾರು ಇಳಿಸಲು ಮಾಡಿದ್ದ ಕಾಂಕ್ರೀಟಿನ ಇಳಿಜಾರಿನ ಮೇಲೆ ನಿಂತ. ಇಲ್ಲೇ ಎಂದ. ನಾನು ಎಲೆ ಹಾಸಿದೆ. ಇಳಿಜಾರಾದ್ದರಿಂದ ಸಾರು ಹರಿಯಿತು, ಅಪ್ಪ ಎಲೆಯ ಅಂಚಿಗೆ ಕೈ ಅಡ್ಡ ಇಟ್ಟುಕೊಂಡು ಕೂತ. ಊದುಕಡ್ಡಿ ಹಚ್ಚಿ, ಕಾಯಿ ಒಡೆದು, ಕೈ ಮುಗಿದ. ಆಮೇಲೆ ಕಾಂಕ್ರೀಟಿನ ಕಡೆ ಬಗ್ಗಿ, ಅಮ್ಮ ಅಡುಗೆಮನೆಯಲ್ಲಿದ್ದಾಗ ಮಾತಾಡುತ್ತಿದ್ದಷ್ಟೇ ದನಿಯಲ್ಲಿ ಹೇಳಿದ.

“ಒಳಗೇ ಬಿಡ್ತಿರ್ಲಿಲ್ಲ ಕಣೇ. ನಿನ್ ಮಗ್ಳು ಹೇಳಿದ್ಕೆ ಬಿಟ್ರು.”