ಎದುರಿನ ರೆಕ್ಕೆ

ಆಗ ಸಾರಕ್ಕಿಯ ನಮ್ಮ ಬೀದಿಯಲ್ಲಿ ಬೇಸಿಗೆ ರಜೆ ಅಂದರೆ ಉದುರಿದ ಹೊಂಗೆ ಹೂವಿನ ಮೇಲೆ ಕ್ರಿಕೆಟ್ಟು, ಉಪ್ಪುಖಾರ ಸವರಿದ ಮಾವಿನಕಾಯಿ, ಅಜ್ಜಿಯ ಸಂಡಿಗೆ ಹಿಟ್ಟಿನ ಜೀರಿಗೆ ವಾಸನೆ. ತಾರಸಿಯಲ್ಲಿ ಸಂಡಿಗೆ ಇಟ್ಟು ಇಳಿದು ಬಂದ ಅಜ್ಜಿ, ಬೆವರಿದ ಕುತ್ತಿಗೆಯನ್ನು ತನ್ನ ಟೇಬಲ್ ಫ್ಯಾನಿಗೆ ಒಡ್ಡಿ ಕೂರುತ್ತಿದ್ದಳು. ನಾಲ್ಕು ತಗಡಿನ ರೆಕ್ಕೆಗಳ ಹಸಿರು ಫ್ಯಾನು. ಮುಂದಿನ ಜಾಲರಿ ಎಂದೋ ಕಳೆದುಹೋಗಿತ್ತು. ತಾತ ಹೋದಮೇಲೆ ಆ ಮನೆಯಲ್ಲಿ ‘ನಂದು’ ಅಂತ ಅವಳು ಹೇಳುತ್ತಿದ್ದದ್ದು ಅದೊಂದನ್ನೇ.

ಹನ್ನೊಂದು ವರ್ಷದ ನಾನು, ಬೇಡವೆಂದರೂ ನಡುಮನೆಯಲ್ಲಿ ಬ್ಯಾಟು ಬೀಸಿದೆ. ಚೆಂಡು ತಿರುಗುತ್ತಿದ್ದ ಫ್ಯಾನಿಗೆ ಬಡಿಯಿತು. ಒಂದು ರೆಕ್ಕೆ ರಿವೆಟ್ಟಿನ ಸಮೇತ ಕಿತ್ತುಬಂದು ಅಕ್ಕಿ ಡಬ್ಬಕ್ಕೆ ಬಡಿದು ಢಣ್ಣೆಂದಿತು.

ಚಿಕ್ಕಪ್ಪ ಬಂದು ನೋಡಿದ. “ಸೀಲಿಂಗ್ ಫ್ಯಾನಿಗೆ ಇರೋದೇ ಮೂರು. ಇದ್ರಲ್ಲೂ ಇನ್ನೂ ಮೂರಿದೆ. ಏನೂ ಆಗಲ್ಲ,” ಎಂದು ಸ್ವಿಚ್ ಒತ್ತಿದ.

ಫ್ಯಾನು ದೆವ್ವ ಹಿಡಿದಂತೆ ಅದುರುತ್ತಾ ಮೇಜಿನ ಅಂಚಿಗೆ ನಡೆದುಕೊಂಡೇ ಬಂತು. ಹಿಡಿಯಲು ಹೋದ ಚಿಕ್ಕಪ್ಪನ ಹಲ್ಲೂ ಕಟಕಟ.

“ಮುಗೀತು ಬಿಡಮ್ಮ. ಸಂಜೆ ಗುಜರಿಯವನಿಗೆ ಹಾಕ್ಬಿಡೋಣ.”

“ಮೊದಲು ನಿನ್ನ ಸ್ಕೂಟರ್ ಹಾಕೋ! ನನ್ನ ಫ್ಯಾನ್ ಮುಟ್ಟಿದ್ರೆ ನೋಡು.”

ಅವನು ಹೊರಗೆ ಹೋದ. ನಾನು ಮೂಲೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆ. ನಿಂತುಹೋಗಿದ್ದ ಫ್ಯಾನನ್ನು ಅಜ್ಜಿ ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಟ್ಟಳು. ಎಷ್ಟು ಸಲ ಬಿಟ್ಟರೂ ರೆಕ್ಕೆ ಇಲ್ಲದ ಜಾಗವೇ ಮೇಲೆ ಬಂದು ನಿಲ್ಲುತ್ತಿತ್ತು.

“ನೋಡೇ, ಕೆಳಗಿರೋ ಕಡೆ ಭಾರ. ಬಾವಿಯಿಂದ ಒಂದೇ ಕೈಲಿ ಬಿಂದಿಗೆ ತಂದ್ರೆ ನಾನೂ ಹಿಂಗೇ ವಾಲ್ತಿದ್ದೆ. ಎರಡು ಕೈಗೂ ಒಂದೊಂದಿದ್ರೆ ನೆಟ್ಟಗೆ. ಎದುರಿನ ರೆಕ್ಕೆನೂ ತೆಗೆದ್ಬಿಡು.”

“ಚೆನ್ನಾಗಿರೋದನ್ನಾ?”

“ಮುರಿದೋಳು ನೀನಲ್ವಾ? ನೀನೇ ತೆಗಿ. ಮೊದಲು ಪ್ಲಗ್ ಕೀಳು.”

ಮಧ್ಯಾಹ್ನವೆಲ್ಲ ತಾತನ ಅರದಿಂದ ರಿವೆಟ್ಟಿನ ತಲೆ ಉಜ್ಜಿದೆ. ಕಾದ ತಗಡಿನ ವಾಸನೆ ಅಂಗೈಗೆ ಹತ್ತಿತು. ಬೀದಿಯ ತುದಿಯಲ್ಲಿ ಗುಜರಿಯವನ ಕೂಗು ಕೇಳಿದಾಗ ಕೊನೆಯ ರಿವೆಟ್ಟು ಬಿತ್ತು. ಗೋಣಿಚೀಲ ಹಿಡಿದು ಬಂದ ಚಿಕ್ಕಪ್ಪ ತಲೆ ಚಚ್ಚಿಕೊಂಡ. “ಸಖತ್! ಇದ್ದಿದ್ದನ್ನೂ ಮುರಿದ್ರಾ?”

ಅಜ್ಜಿ ಸ್ವಿಚ್ ಒತ್ತಿದಳು. ಅದುರಲಿಲ್ಲ. ಹೊರೆ ಇಳಿದ ಮೋಟರು ಮೊದಲಿಗಿಂತ ಜೋರಾಗಿ, ಸೊಳ್ಳೆಯ ಹಾಗೆ ಗುಂಯ್‌ಗುಡುತ್ತ ತಿರುಗಿತು. ಆದರೆ ನಾಲ್ಕು ರೆಕ್ಕೆ ನಿಧಾನವಾಗಿ ದೂಡುತ್ತಿದ್ದಷ್ಟು ಗಾಳಿ ಇಲ್ಲ. ಬಾಗಿಲಲ್ಲಿ ನಿಂತ ಚಿಕ್ಕಪ್ಪನಿಗೆ ತಲುಪಲೇ ಇಲ್ಲ.

“ಗಾಳಿ ಅರ್ಧ ಆಯ್ತಲ್ಲಮ್ಮ!”

ಅಜ್ಜಿ ಮಣೆ ಎಳೆದು ಫ್ಯಾನಿನ ಹತ್ತಿರ ಕೂತಳು. “ನನಗೆ ಇಷ್ಟು ಸಾಕು. ಗುಜರಿಯವನು ಕಾಯ್ತಿದ್ದಾನೆ, ತಗೋ,” ಎಂದು ಕಿತ್ತ ಎರಡು ರೆಕ್ಕೆಗಳನ್ನು ಗೋಣಿಚೀಲಕ್ಕೆ ಹಾಕಿದಳು.

ಅವಳು ಇದ್ದಷ್ಟು ಬೇಸಿಗೆಯೂ ಅದು ತಿರುಗಿತು. ಆಮೇಲೆ ಮನೆ ಬದಲಿಸುವಾಗ ಎಲ್ಲಿ ಹೋಯಿತೋ. ಅಜ್ಜಿಯ ಬಾವಿಯನ್ನೂ ಮುಚ್ಚಿದ್ದಾರೆ, ಅದರ ಮೇಲೆ ಈಗ ಬೈಕುಗಳು ನಿಲ್ಲುತ್ತವೆ.

ಮೊನ್ನೆ ಜಯನಗರದ ಅಂಗಡಿಯಲ್ಲಿ ಐದು ರೆಕ್ಕೆಯ ಫ್ಯಾನು ತೋರಿಸಿದರು. “ರೆಕ್ಕೆ ಜಾಸ್ತಿ, ಗಾಳಿ ಜಾಸ್ತಿ ಮೇಡಂ.”

“ಐದನ್ನ ಎಳೆಯೋ ಶಕ್ತಿ ಮೋಟರ್‌ಗೆ ಇದೆಯಾ?”

ಫ್ಯಾನನ್ನು ಕೈಗೆತ್ತಿಕೊಂಡೆ. ಮಗುಚಿ ನೋಡಿದೆ. ಎಲ್ಲೂ ಒಂದು ಸ್ಕ್ರೂ ಇಲ್ಲ, ನುಣುಪು ಪ್ಲಾಸ್ಟಿಕ್ಕು.

“ಅದು ಬಿಚ್ಚೋ ಹಾಗಿಲ್ಲ ಮೇಡಂ, ವಾರಂಟಿ ಹೋಗುತ್ತೆ.”

ಅಜ್ಜಿ, ಅವಳ ಫ್ಯಾನು, ಆ ಬಾವಿ, ನಾನು ಕಳೆದುಕೊಂಡಿರುವುದು ವಾರಂಟಿಗಿಂತ ದೊಡ್ಡದು ಅಂತ ಅಂಗಡಿಯವರಿಗೆ ಹೇಗೆ ಹೇಳಲಿ? ಫ್ಯಾನನ್ನು ಅಲ್ಲೇ ಇಟ್ಟೆ.

“ಸ್ಕ್ರೂ ಇರೋದು ತೋರಿಸಿ. ಎಷ್ಟು ರೆಕ್ಕೆ ಬೇಕು ಅನ್ನೋದನ್ನ ನಾನು ನೋಡ್ಕೋತೀನಿ.”