ಕಮಲಕ್ಕೋರು ಬರೆದ ಪಟ್ಟಿ

ಕಮಲಕ್ಕೋರು ಸರ್ವ್ ಮಾಡಿದ ಚೆಂಡು ಗಾಳಿಯಲ್ಲಿ ತಿರುಗುತ್ತಿರಲಿಲ್ಲ. ಅದರ ಮೇಲೆ ನಾವು ಪೆನ್ನಿನಲ್ಲಿ ಬರೆದ ಶಾಲೆಯ ಹೆಸರನ್ನು ಓದಬಹುದಿತ್ತು. ಓದುತ್ತ ನಿಂತರೆ ಕೆಟ್ಟೆವು. ನೆಟ್ ದಾಟಿದ ಮೇಲೆ ಅದು ಎಡಕ್ಕೋ ಬಲಕ್ಕೋ ಸರಕ್ಕನೆ ಜಾರಿ ಕಾಲಬುಡದಲ್ಲಿ ಬೀಳುತ್ತಿತ್ತು.

ಗಜೇಂದ್ರಗಡದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅವರು ಆಟದ ಶಿಕ್ಷಕಿ. ಕುಳ್ಳಗಿದ್ದರು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಬೂಟು ಹಾಕಿಕೊಂಡೇ ಪ್ರಾರ್ಥನೆಗೂ ನಿಲ್ಲುತ್ತಿದ್ದರು. ಗಂಡ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಹರಿದ ನೆಟ್ಟಿಗೆ ಅವರೇ ನೂಲು ಕಟ್ಟಿ ಕೊಡುತ್ತಿದ್ದುದರಿಂದ ನಮ್ಮ ನೆಟ್ಟಿನ ತುಂಬ ಕೆಂಪು, ಹಸಿರು ಗಂಟುಗಳು. ಅಕ್ಕೋರು ಒಂದು ಕಾಲಕ್ಕೆ ರಾಜ್ಯದ ಮಹಿಳಾ ವಾಲಿಬಾಲ್ ತಂಡದಲ್ಲಿದ್ದವರೆಂದು ಎಲ್ಲರಿಗೂ ಗೊತ್ತಿತ್ತು. ಅವರು ಮಾತ್ರ ಆ ಸುದ್ದಿ ತೆಗೆಯುತ್ತಿರಲಿಲ್ಲ.

ನಾನು ಪಕ್ಕದ ಹಳ್ಳಿ ಪುರ್ತಗೇರಿಯಿಂದ ಶಾಲೆಗೆ ಬರುತ್ತಿದ್ದೆ. ನಾನೂ ಕುಳ್ಳಿಯೇ. ನೆಟ್ಟಿನ ಮುಂದೆ ನಿಂತು ಹೊಡೆಯಲು, ತಡೆಯಲು ಕೈ ಎಟುಕುತ್ತಿರಲಿಲ್ಲ. ಆದರೆ ಅಕ್ಕೋರ ಸರ್ವ್ ನನಗೆ ಒಲಿಯಿತು.

“ಅಂಗೈ ಬುಡದಿಂದ ಹೊಡಿ, ಹೊಡದ ಕೂಡ್ಲೆ ಕೈ ನಿಲ್ಲಸು. ತಿರಗೋ ಚೆಂಡು ತಾ ಎಲ್ಲಿ ಹೊಂಟೇನಿ ಅಂತ ಹೇಳ್ಕೋಂತ ಬರ್ತೈತಿ. ತಿರಗದ ಚೆಂಡು ಬಾಯಿ ಬಿಡೂದಿಲ್ಲ,” ಎನ್ನುತ್ತಿದ್ದರು.

ತಂಡದಲ್ಲಿ ನನ್ನ ಕೆಲಸ ಅದೊಂದೇ ಆಯಿತು. ನೆಟ್ಟಿನ ನಡುವೆ ತಡೆಗೋಡೆಯಂತೆ ನಿಲ್ಲುತ್ತಿದ್ದ ರೇಣುಕಾ ನಮ್ಮೆಲ್ಲರಿಗಿಂತ ಎತ್ತರ, ಆದರೆ ಅವಳ ಸರ್ವ್ ನಂಬುವಂತಿರಲಿಲ್ಲ. ಅವಳ ಸರ್ವಿನ ಪಾಳಿ ಬಂದಾಗ ಅವಳು ಹೊರಗೆ, ನಾನು ಒಳಗೆ. ಎರಡು ಮೂರು ಪಾಯಿಂಟ್ ತಂದುಕೊಟ್ಟು ನಾನು ಮತ್ತೆ ಬೆಂಚಿಗೆ. ಹೊರಗೆ ಹೋಗುವಾಗಲೆಲ್ಲ ರೇಣುಕಾ ನನ್ನ ಬೆನ್ನು ತಟ್ಟುತ್ತಿದ್ದಳು. ಅಷ್ಟಕ್ಕೇ ನಾನು ಹಿಗ್ಗುತ್ತಿದ್ದೆ.

ಹತ್ತನೆಯ ತರಗತಿಯಲ್ಲಿ ಅಕ್ಕೋರು ನನ್ನ ಸರ್ವ್ ಅಭ್ಯಾಸ ನಿಲ್ಲಿಸಿಬಿಟ್ಟರು. ದಿನಾಲೂ ಸಂಜೆ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಚೆಂಡು ಎತ್ತಿಸುತ್ತಿದ್ದರು. ಗರಸುಕಲ್ಲಿನ ನೆಲದಲ್ಲಿ ಬಿದ್ದು ಎದ್ದು ನನ್ನ ಮೊಣಕೈ, ಮೊಣಕಾಲು ಕೆತ್ತಿಹೋದವು. ಯಾಕೆಂದು ಕೇಳಿದರೆ ಇನ್ನೊಂದು ಚೆಂಡು ಬರುತ್ತಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಅವರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಜಿಲ್ಲಾ ಫೈನಲ್ ರೋಣದಲ್ಲಿತ್ತು. ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವವರೂ ಬಂದು ಕುಳಿತಿದ್ದರು. ಆಟಕ್ಕೆ ಮುಂಚೆ ಅಕ್ಕೋರು ನನ್ನ ಕೈಗೆ ಬೇರೆ ಬಣ್ಣದ ಅಂಗಿ ಕೊಟ್ಟರು. ಲಿಬರೊ ಅಂಗಿ. ಲಿಬರೊ ಎಂದರೆ ಹಿಂದಿನ ಸಾಲಿನಲ್ಲೇ ಇದ್ದು ಎದುರಾಳಿಯ ಚೆಂಡು ಎತ್ತುವವಳು. ಅವಳು ಸರ್ವ್ ಮಾಡುವಂತಿಲ್ಲ. ಒಮ್ಮೆ ಆಟಗಾರ್ತಿಯರ ಪಟ್ಟಿಯಲ್ಲಿ ಹಾಗೆಂದು ಬರೆದರೆ ಆ ಪಂದ್ಯ ಮುಗಿಯುವವರೆಗೂ ಅಷ್ಟೇ.

“ರೇಣುಕಾನ ಸರ್ವ್ ಯಾರ ಮಾಡ್ಬೇಕ್ರಿ ಅಕ್ಕೋರ?”

“ರೇಣುಕಾನ ಮಾಡ್ತಾಳ. ನೀ ಅಂಗಿ ಹಾಕ್ಕೋ.”

ಅಂದು ನಾನು ಆಡಿದಂತೆ ಮತ್ತೆಂದೂ ಆಡಿಲ್ಲ. ಸಿಟ್ಟಿನಲ್ಲೇ ಆಡಿದೆ. ನೆಲಕ್ಕೆ ಬೀಳಬೇಕಾದ ಚೆಂಡುಗಳನ್ನೆಲ್ಲ ಎತ್ತಿದೆ. ಕೊನೆಯ ಸೆಟ್ಟಿನಲ್ಲಿ ನಾವು ಹದಿಮೂರು, ಅವರು ಹದಿನಾಲ್ಕು. ಸರ್ವ್ ರೇಣುಕಾಳ ಪಾಳಿಗೆ ಬಂತು. ನಿಯಮದಂತೆ ನಾನು ಹೊರಗೆ ಬಂದು ಗೆರೆಯಾಚೆ ನಿಂತೆ. ಅವಳು ಚೆಂಡು ಹಿಡಿದು ಒಮ್ಮೆ ನನ್ನತ್ತ ನೋಡಿದಳು. ಆಮೇಲೆ ಹೊಡೆದಳು. ಚೆಂಡು ನೆಟ್ಟಿಗೆ ಬಡಿದು ನಮ್ಮ ಕಡೆಗೇ ಬಿತ್ತು, ಪಂದ್ಯ ಅವರದಾಯಿತು.

ರೇಣುಕಾ ಅಂಕಣದಲ್ಲೇ ಕುಸಿದು ಕುಳಿತಳು. ಅಕ್ಕೋರು ಅವಳನ್ನು ಎಬ್ಬಿಸಿದರು. ಸಂಜೆ ಆಯ್ಕೆಯ ಪಟ್ಟಿ ಓದಿದಾಗ ನಮ್ಮ ಶಾಲೆಯಿಂದ ಇದ್ದದ್ದು ಒಂದೇ ಹೆಸರು, ನನ್ನದು. ಗಜೇಂದ್ರಗಡಕ್ಕೆ ಮರಳುವ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂಡಲಿಲ್ಲ.

ರೇಣುಕಾ ಆಮೇಲೆ ಚೆಂಡು ಮುಟ್ಟಲಿಲ್ಲ. ನಾನು ಏಳು ವರ್ಷ ರಾಜ್ಯ ತಂಡದ ಲಿಬರೊ ಆಗಿದ್ದೆ. ನನ್ನ ಕೈಯಲ್ಲಿದ್ದ ಒಳ್ಳೆಯ ವಿದ್ಯೆಯನ್ನು ಪಂದ್ಯದಲ್ಲಿ ಒಮ್ಮೆಯೂ ಬಳಸದೆ ಏಳು ವರ್ಷ.

ಕಳೆದ ವರ್ಷ ಅಕ್ಕೋರಿಗೆ ಮೈಯಲ್ಲಿ ಹುಷಾರಿಲ್ಲವೆಂದು ತಿಳಿದು ನೋಡಲು ಹೋದೆ. ಮಗ್ಗದ ಕೋಣೆಯ ಪಕ್ಕದಲ್ಲಿ ಮಂಚದ ಮೇಲಿದ್ದರು, ಸಣಕಲಾಗಿದ್ದರು. ಚಹಾ ಕುಡಿದು, ಅದೂ ಇದೂ ಮಾತಾಡಿ, ತಡೆಯಲಾರದೆ ಕೇಳಿಯೇಬಿಟ್ಟೆ. ಅವತ್ತು ನನ್ನನ್ನು ಸರ್ವಿಗೆ ಇಟ್ಟಿದ್ದರೆ ಗೆಲ್ಲುತ್ತಿದ್ದೆವಲ್ಲ, ಯಾಕೆ ಹಾಗೆ ಮಾಡಿದಿರಿ?

“ನಾಕ ವರ್ಷ ರಾಜ್ಯ ತಂಡದಾಗ ಇದ್ದೆ ನಾ,” ಎಂದರು. “ಒಂದ್ ಸರ್ವಿಗೆ ಕರೀತಿದ್ರು, ಹೊಳ್ಳಿ ಬೆಂಚಿಗೆ ಕುಂಡ್ರಸ್ತಿದ್ರು. ಚೆಂಡು ಎತ್ತಾಕ ನಂಗ ಯಾರೂ ಕಲಸಲಿಲ್ಲ. ನೀನೂ ಹಂಗ ಕುಂಡ್ರೂದು ಬ್ಯಾಡಾಗಿತ್ತು.”

“ಪಂದ್ಯ ಹೋತಲ್ರಿ.”

“ಹೋಗಬೌದು ಅಂತ ಪಟ್ಟಿ ಬರಿಯೂವಾಗನ ಗೊತ್ತಿತ್ತು. ರೇಣುಕಾ ತನ್ನದ ತಪ್ಪು ಅನ್ಕೊಂಡಾಳ. ದಿನಾ ಈ ಓಣ್ಯಾಗ ಹಾದು ಹೋಗ್ತಾಳ, ನಂಗ ಹೇಳಾಕ ಬಾಯಿ ಬರ್ಲಿಲ್ಲ. ನೀ ಹೇಳು.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನನ್ನು ಕೇಳದೆ ನನಗಾಗಿ ಮಾಡಿದ್ದು, ರೇಣುಕಾಳನ್ನು ಕೇಳದೆ ಅವಳಿಂದ ಕಿತ್ತುಕೊಂಡದ್ದು, ಈಗ ಅದರ ಭಾರವನ್ನೂ ನನ್ನ ತಲೆಗೇ ಕಟ್ಟುವುದು. ಆಯಿತೆಂದೂ ಅನ್ನಲಿಲ್ಲ, ಆಗದೆಂದೂ ಅನ್ನಲಿಲ್ಲ. ಎದ್ದು ಬಂದೆ. ಎರಡು ತಿಂಗಳಿಗೆ ಅಕ್ಕೋರು ತೀರಿಕೊಂಡರು.

ಅಕ್ಕೋರ ಮಣ್ಣಿಗೆ ಹೋದಾಗ ರೇಣುಕಾ ಸಿಕ್ಕಳು. ಈಗ ಅವಳೂ ಸೀರೆ ನೇಯುತ್ತಾಳೆ, ಮಗ್ಗದ ಕುಣಿಯಲ್ಲಿ ಕುಳಿತು ಕುಳಿತು ಆ ಎತ್ತರದ ಬೆನ್ನು ಬಾಗಿದೆ. ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು, “ಸುಮಾ, ಅವತ್ತ ನಾ ಅಕ್ಕೋರ ಮಾನ ಕಳದೆ. ಆದ್ರೂ ಒಂದ್ ದಿನಾ ಬೈಲಿಲ್ಲ ನೋಡ ನನಗ. ಎಂಥಾ ದೊಡ್ಡ ಮನಸು.”

ಸುತ್ತ ಜನ ನಿಂತಿದ್ದರು. ನಾನು ಹೌದೆಂದು ತಲೆಯಾಡಿಸಿದೆ.