ಕಪ್ಪು ಲಂಗ, ಬಿಳಿ ಅಂಗಿ

ಟೊಮೆಟೊ ಕಾಲದಲ್ಲಿ ಅವರ ಎರಡೂ ಕೈ ಮೊಣಕೈವರೆಗೆ ಕೆಂಪಗಿರುತ್ತಿದ್ದವು. ಎಡಗೈಯ ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. ಏನನ್ನೇ ಹಿಡಿದರೂ ಅದೊಂದು ಬೆರಳು ತನಗೂ ಈ ಕೆಲಸಕ್ಕೂ ಸಂಬಂಧವಿಲ್ಲ ಎಂಬಂತೆ ದೂರ ನಿಲ್ಲುತ್ತಿತ್ತು. ಟೆಕ್ಸಾಸ್‌ನ ಫಾರ್ಮರ್ಸ್ ಬ್ರಾಂಚ್ ಊರಿನ ನಮ್ಮ ಮನೆಯ ಹಿಂಬದಿ ಬೇಲಿಯ ಮೇಲಿಂದ ನಾನು ಮೊದಲು ಕಂಡಿದ್ದು ಆ ಕೈಯನ್ನೇ. ಅದು ನನ್ನ ತುಳಸಿ ಕುಂಡದಿಂದ ಒಂದು ಕುಡಿ ಚಿವುಟುತ್ತಿತ್ತು. ಸ್ನಾನ ಮಾಡದೆ ನಾನೇ ಮುಟ್ಟದ ಗಿಡ! ಎಂಬತ್ತರ ಆಸುಪಾಸಿನ ಆ ಹೆಂಗಸು ಎಲೆಯನ್ನು ಬಾಯಿಗೆ ಹಾಕಿ ಅಗಿದು, ಮುಖ ಕಿವುಚಿ, ನಿನ್ನ ಬೇಸಿಲ್ ಸೊಪ್ಪು ಕೆಟ್ಟುಹೋಗಿದೆ, ಒಳ್ಳೆಯ ಸಸಿ ನಾನು ಕೊಡುತ್ತೇನೆ ಎಂದರು. ಇದು ದೇವರ ಗಿಡ ಎಂದು ನಾನು ಹೇಳಿದೆ. ಹಾಗಾದರೆ ಕ್ಷಮಿಸು ಎಂದು ಶಿಲುಬೆಯ ಗುರುತು ಮಾಡಿಕೊಂಡು, ಆ ಎಲೆಯನ್ನು ಪೂರ್ತಿ ನುಂಗಿದರು.

ದಕ್ಷಿಣ ಇಟಲಿಯಲ್ಲಿ, ಸಲೆರ್ನೊ ಕೊಲ್ಲಿ ಕಾಣುವ ಗುಡ್ಡದ ಮೇಲಿನ ಒಂದು ಹಳ್ಳಿ ಅವರದು. ಯುದ್ಧಕ್ಕೆ ಬಂದಿದ್ದ ಟೆಕ್ಸಾಸ್ ಸೈನಿಕನೊಬ್ಬನನ್ನು ಅವರ ಅಕ್ಕ ಮದುವೆಯಾಗಿದ್ದಳು. ಅಕ್ಕನ ಹಿಂದೆ ಇವರೂ ಬಂದು, ಇಲ್ಲೇ ಮದುವೆಯಾಗಿ, ಇಲ್ಲೇ ಗಂಡನನ್ನು ಕಳೆದುಕೊಂಡಿದ್ದರು. ಮಗ ಹ್ಯೂಸ್ಟನ್ನಿನಲ್ಲಿದ್ದ. ಬೀದಿಯ ಮಕ್ಕಳೆಲ್ಲ ಅವರನ್ನು ನೊನ್ನಾ ಎನ್ನುತ್ತಿದ್ದರು. ಇಟಲಿಯವರ ಮಾತಿನಲ್ಲಿ ಹಾಗೆಂದರೆ ಅಜ್ಜಿ. ನನ್ನ ಮಗಳೂ ಹಾಗೇ ಕರೆದಳು. ಮೈಸೂರಿನ ತನ್ನ ಸ್ವಂತ ಅಜ್ಜಿಗೆ ಫೋನಿನಲ್ಲಿ ಒಂದು ಹಾಯ್, ಒಂದು ಬೈ. ಅಷ್ಟೇ.

ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಆದರೆ ಪಕ್ಕದ ಮನೆಯ ಮುದುಕಿಯ ಮೇಲೆ ಬರಬಹುದು ಎಂದು ಎಣಿಸಿರಲಿಲ್ಲ. ಶಾಲೆ ಬಿಟ್ಟರೆ ಮಗಳು ಸೀದಾ ಅಲ್ಲಿಗೆ. ನಾನು ಆಫೀಸಿನಿಂದ ಬರುವುದೇ ಆರಕ್ಕೆ, ಹಾಗಾಗಿ ಅದು ನನಗೂ ಅನುಕೂಲವೇ. ಅನುಕೂಲ ಬೇಕು, ಮಗಳು ಅವರಿಗೆ ಅಂಟಿಕೊಳ್ಳುವುದು ಬೇಡ ಎಂದರೆ ಹೇಗೆ ಎಂದು ನನ್ನ ಗಂಡ ರೇಗಿಸುತ್ತಿದ್ದರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅಲ್ಲಿ ಇಟಾಲಿಯನ್ನಿನಲ್ಲಿ ಒಂದರಿಂದ ನೂರು ಎಣಿಸುವುದನ್ನು ಕಲಿತಳು. ನಾನು ಮಾಡಿದ ಹುಳಿಯನ್ನು ತಟ್ಟೆಯ ಅಂಚಿಗೆ ತಳ್ಳಿ, ನೊನ್ನಾ ಮಾಡಿದ ಸಾಸ್ ಇದೆಯಾ ಎನ್ನುತ್ತಿದ್ದಳು. ನೊನ್ನಾ ಹೇಳಿದ ಮಾತುಗಳೂ ಮನೆಗೆ ಬರತೊಡಗಿದವು. ಟಿವಿಯಲ್ಲಿ ಯಾವನಾದರೂ ರಾಜಕಾರಣಿ ಕೈಯೆತ್ತಿ ಕೂಗಿದರೆ ಸಾಕು, ಬಾಲ್ಕನಿ ಮೇಲೆ ನಿಂತವನಿಗೆ ಕೆಳಗಿರುವವರ ತಟ್ಟೆ ಕಾಣೋದಿಲ್ಲ ಎಂದು ಮಗಳು ಅವರದೇ ಧಾಟಿಯಲ್ಲಿ ಹೇಳುವಳು. ನನ್ನ ಗಾದೆಗಳಲ್ಲಿ ಒಂದಾದರೂ ಅವಳ ಬಾಯಿಗೆ ಹತ್ತಿರಲಿಲ್ಲ.

ಮಗಳಿಗೆ ಹನ್ನೊಂದು ತುಂಬಿದ ವರ್ಷ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಎರಡನೇ ಮಹಾಯುದ್ಧವನ್ನು ಕಂಡ ಒಬ್ಬರ ಕಥೆ ಬರೆಯಬೇಕು. ನನಗೆ ಎಲ್ಲಿಲ್ಲದ ಹುರುಪು ಬಂತು. ನನ್ನ ತಾತ ಆ ಯುದ್ಧದಲ್ಲಿ ಇಟಲಿಗೇ ಹೋಗಿದ್ದವರು. ಬೆಂಗಳೂರಿನಿಂದ ಹೊರಟ ಪಡೆಯೊಂದರಲ್ಲಿ ಸೇತುವೆ ಕಟ್ಟುತ್ತಿದ್ದರು. ಮಗಳನ್ನು ಕೂರಿಸಿಕೊಂಡು ಹೇಳಿದೆ. ಎರಡು ನಿಮಿಷಕ್ಕೆ ಮುಗಿಯಿತು. ಯಾವ ನದಿ, ಎಷ್ಟು ಚಳಿ, ಯಾರು ಜೊತೆಗಿದ್ದರು, ಒಂದೂ ನನಗೆ ಗೊತ್ತಿರಲಿಲ್ಲ. ತಾತ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಮಗಳು ಪೆನ್ಸಿಲ್ ಕೆಳಗಿಟ್ಟು, ಮೆಲ್ಲಗೆ, ನಿನ್ನ ಹತ್ತಿರ ಕಥೆಯೇ ಇಲ್ಲವಲ್ಲ ಅಮ್ಮ ಎಂದಳು. ಪುಸ್ತಕ ಎತ್ತಿಕೊಂಡು ಬೇಲಿಯಾಚೆ ಹೋದಳು.

ಪ್ರಾಜೆಕ್ಟ್ ಓದುವ ದಿನ ನಾವೂ ಹೋಗಿದ್ದೆವು. ಮಗಳು ಚೆನ್ನಾಗಿಯೇ ಬರೆದಿದ್ದಳು. ನಲವತ್ತಮೂರರ ಜುಲೈನಲ್ಲಿ ಇಟಲಿಯ ಸರ್ವಾಧಿಕಾರಿ ಅಧಿಕಾರದಿಂದ ಬಿದ್ದ ಸುದ್ದಿ ರೇಡಿಯೊದಲ್ಲಿ ಬಂತು. ಮರುದಿನ ಬೆಳಿಗ್ಗೆ ಹಳ್ಳಿಯಲ್ಲಿ ಫ್ಯಾಸಿಸ್ಟ್ ಬಿಲ್ಲೆ ಹಾಕಿಕೊಂಡವನೊಬ್ಬನೂ ಇರಲಿಲ್ಲ. ಹಿಂದಿನ ದಿನ ಹೆಚ್ಚುಕಡಿಮೆ ಎಲ್ಲರ ಕೋಟಿನಲ್ಲೂ ಇತ್ತು. ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತೆಂದು ಕೇಳಿ, ಯುದ್ಧ ಮುಗಿಯಿತೆಂದು ಚರ್ಚಿನ ಗಂಟೆ ಬಾರಿಸಿ ಕುಣಿದರು. ಬೆಳಗಾದರೆ ಕೊಲ್ಲಿಯ ತುಂಬ ಹಡಗು. ಕೆಳಗೆ ದಡದಲ್ಲಿ ಟೆಕ್ಸಾಸ್‌ನ ಹುಡುಗರು, ಮೇಲೆ ಗುಡ್ಡದಲ್ಲಿ ಜರ್ಮನ್ ಫಿರಂಗಿ, ನಡುವೆ ಇವರ ಹಳ್ಳಿ. ಗುಹೆಯಲ್ಲಿ ಅಡಗಿದ್ದು ವಾಪಸ್ ಬಂದಾಗ ಮನೆಗೆ ಚಾವಣಿ ಇರಲಿಲ್ಲ. ಕುಸಿದ ಗೋಡೆಯ ಕಲ್ಲು ಎತ್ತುವಾಗಲೇ ಆ ಕಿರುಬೆರಳು ಮುರಿದಿದ್ದು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮಗಳು ಓಡಿಬಂದು ಅಪ್ಪಿಕೊಂಡಿದ್ದು ಮುಂದಿನ ಸಾಲಿನಲ್ಲಿದ್ದ ನೊನ್ನಾನನ್ನು. ನಾನೂ ನಗುತ್ತಾ ಫೋಟೊ ತೆಗೆದೆ.

ಅವತ್ತು ಮನೆಗೆ ಬಂದು ಒಂದು ಸಣ್ಣತನ ಮಾಡಿದೆ. ಹಿಂದಿನ ದಿನ ಅವರು ಗಾಜಿನ ಪಾತ್ರೆಯಲ್ಲಿ ದೊಣ್ಣೆಮೆಣಸಿನಕಾಯಿಯ ಏನೋ ಮಾಡಿ ಕಳಿಸಿದ್ದರು. ಅವರ ಪಾತ್ರೆಯನ್ನು ನಾನು ಯಾವತ್ತೂ ಖಾಲಿ ಕಳಿಸಿದವಳಲ್ಲ. ಚಿತ್ರಾನ್ನ, ಕೋಸಂಬರಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದೆ. ಅವತ್ತು ಫ್ರಿಜ್ಜಿನಲ್ಲಿ ಹೋಳಿಗೆ ಇತ್ತು. ಪಾತ್ರೆಯನ್ನು ಫಳಫಳ ಉಜ್ಜಿ, ಒರೆಸಿ, ಖಾಲಿಯೇ ಅವರ ಬಾಗಿಲಲ್ಲಿಟ್ಟು ಬಂದೆ. ಅಮೆರಿಕದಲ್ಲಿ ಇದು ಯಾರಿಗೆ ಅರ್ಥವಾಗಬೇಕು ಎಂದುಕೊಂಡೆ. ಬೈದಷ್ಟೇ ಹಿತವಾಯಿತು.

ಮರುದಿನ ಶನಿವಾರ. ಮಗಳು ಈಜಲು ಹೋಗಿದ್ದಳು. ಅವರು ಅದೇ ಪಾತ್ರೆ ಹಿಡಿದು ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು. ಹಸಿವಿನ ಆ ವರ್ಷದಲ್ಲೂ ನನ್ನ ತಾಯಿ ನೆರೆಯವರ ಪಾತ್ರೆಯನ್ನು ಖಾಲಿ ಕಳಿಸಿದವಳಲ್ಲ, ಕೊನೆಗೆ ಒಂದು ನಿಂಬೆ ಎಲೆಯನ್ನಾದರೂ ಹಾಕುತ್ತಿದ್ದಳು ಎಂದರು. ನಿಮ್ಮಲ್ಲೂ ಹಾಗೇ ಎಂದು ಇಷ್ಟು ದಿನದಲ್ಲಿ ತಿಳಿದಿದ್ದೇನೆ, ಏನಾಯಿತು ಎಂದು ಕೇಳಿದರು. ನಾನು ಒಲೆಯ ಕಡೆ ತಿರುಗಿ, ಮರೆತೆ ಎಂದೆ. ಅವರು ಅದನ್ನು ನಂಬಲೂ ಇಲ್ಲ, ಕೆದಕಲೂ ಇಲ್ಲ. ಪ್ರಾಜೆಕ್ಟಿನಲ್ಲಿ ಇಲ್ಲದ ಒಂದು ಕಥೆ ಹೇಳಿದರು.

ಫ್ಯಾಸಿಸ್ಟ್ ಪಕ್ಷದ ಕಾಲದಲ್ಲಿ ಶಾಲೆಯ ಹುಡುಗಿಯರು ಪ್ರತಿ ಶನಿವಾರ ಕಪ್ಪು ಲಂಗ, ಬಿಳಿ ಅಂಗಿ ತೊಟ್ಟು ಚೌಕದಲ್ಲಿ ಕವಾಯತು ಮಾಡಬೇಕಿತ್ತು. ಇವರ ತಂದೆ ಪಕ್ಷ ಸೇರದೆ ಕೆಲಸ ಕಳೆದುಕೊಂಡವರು. ಆ ಬಟ್ಟೆ ಮನೆಯೊಳಗೆ ಬರಕೂಡದು ಎಂದುಬಿಟ್ಟಿದ್ದರು. ಇವರು ಗೋಡೆಗೆ ಒರಗಿ ನೋಡುತ್ತಿದ್ದರಂತೆ. ಎದುರು ಮನೆಯ ಔಷಧಿ ಅಂಗಡಿಯವನ ಮಗಳ ಲಂಗದ ನೆರಿಗೆ ಕಂಡು ರಾತ್ರಿಯೆಲ್ಲ ಅಳುತ್ತಿದ್ದರಂತೆ. ಸರ್ವಾಧಿಕಾರಿ ಬಿದ್ದ ಮರುದಿನ ಔಷಧಿ ಅಂಗಡಿಯವನು ಬಿಲ್ಲೆಯನ್ನು ಬಾವಿಗೂ ಮಗಳ ಬಟ್ಟೆಯನ್ನು ಬೂದಿಗುಂಡಿಗೂ ಎಸೆದ. ಇವರು ಗುಂಡಿಗಿಳಿದು, ಕೊಡವಿ, ತೊಟ್ಟು, ಚೌಕಕ್ಕೆ ಹೋದರು. ಊರಿಗೆ ಊರೇ ಬಿಡುಗಡೆಯೆಂದು ಕುಣಿಯುತ್ತಿದ್ದಾಗ ಫ್ಯಾಸಿಸ್ಟ್ ಸಮವಸ್ತ್ರದಲ್ಲಿ ಒಬ್ಬಳೇ ಹುಡುಗಿ, ಅದೂ ಪಕ್ಷ ಸೇರದವರ ಮಗಳು! ತಾಯಿ ಎಲ್ಲರ ಮುಂದೆ ಕೆನ್ನೆಗೆ ಹೊಡೆದರು.

"ಏಟಿನ ನೋವು ನೆನಪಿಲ್ಲ," ಎಂದರು. "ಆ ಹುಡುಗಿ ಕಿಟಕಿಯಲ್ಲಿ ನಿಂತು ಅಳ್ತಿದ್ದಳು. ಅವಳಿಗೆ ಅದು ವಾಪಸ್ ಬೇಕಿತ್ತು. ನನ್ನ ಮೈಮೇಲೆ ಇದೆ ಅಂತ ಅವಳಿಗೆ ಹೊಟ್ಟೆಕಿಚ್ಚು."

ಖಾಲಿ ಪಾತ್ರೆಯನ್ನು ನನ್ನ ಕಡೆ ಸರಿಸಿ, "ಆರು ಗಂಟೆಗೆ ನಿನ್ನ ಕಾರಿನ ಸದ್ದಾದ ತಕ್ಷಣ ನಿನ್ನ ಮಗಳು ಎದ್ದು ಹೋಗ್ತಾಳೆ. ಮಾತು ಅರ್ಧಕ್ಕೇ ಬಿಟ್ಟು. ನಾನು ಆ ಕಡೆ ನೋಡೋದೇ ಇಲ್ಲ," ಎಂದರು.

ಅವರು ಇಷ್ಟು ಬಿಚ್ಚಿಟ್ಟ ಮೇಲೆ ನಾನು ಫ್ರಿಜ್ಜಿನ ಬಾಗಿಲು ತೆಗೆದೆ. ಹೋಳಿಗೆ ಬಿಸಿ ಮಾಡಿ, ತುಪ್ಪ ಹಾಕಿ, ಪಾತ್ರೆ ತುಂಬಿಸಿ ಕೊಟ್ಟೆ. ನಿಮ್ಮನ್ನು ಕಂಡರೆ ನನಗೆ ಉರಿಯುತ್ತದೆ ಎಂದು ಅವರೆದುರು ಒಪ್ಪಿಕೊಳ್ಳಲು ಆಮೇಲೆ ಮೂರು ವರ್ಷವಿತ್ತು. ಮೂರು ವರ್ಷವೂ, ಅಯ್ಯೋ ಮರೆತಿದ್ದೆ, ಕೆಲಸ ಜಾಸ್ತಿ ಇತ್ತು ಎನ್ನುವ ಸುಳ್ಳನ್ನೇ ಕಾಪಾಡಿಕೊಂಡು ಬಂದೆ. ಉರಿಯೂ ಪೂರ್ತಿ ಆರಲಿಲ್ಲ. ಅವರಿಗೆ ಕೂರಲು ಏಳಲು ಕಷ್ಟವಾದಾಗ ಮಗ ಬಂದು ಹ್ಯೂಸ್ಟನ್ನಿಗೆ ಕರೆದೊಯ್ದ. ಮಗಳು ಒಂದು ವಾರ ಊಟ ಬಿಟ್ಟಳು. ನಾನು ಹೋದರೂ ಹೀಗೆ ಊಟ ಬಿಡುತ್ತಾಳೋ ಎಂದು ಆಗಲೂ ಲೆಕ್ಕ ಹಾಕಿದ ನನ್ನ ಬುದ್ಧಿಗೆ ಏನು ಹೇಳಲಿ?

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹ್ಯೂಸ್ಟನ್ನಿನ ಚರ್ಚಿಗೆ ನಾನು, ಮಗಳು ಇಬ್ಬರೇ ಡ್ರೈವ್ ಮಾಡಿಕೊಂಡು ಹೋಗಿ ಬಂದೆವು. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಅವಳು ಇದ್ದಕ್ಕಿದ್ದಂತೆ, ಅಮ್ಮ, ನಿನಗೆ ಯಾರ ಮೇಲೆ ತುಂಬಾ ಹೊಟ್ಟೆಕಿಚ್ಚು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಇನ್ನು ಸುಳ್ಳು ಹೇಳಿ ಗೆಲ್ಲಬೇಕಾದವರು ಯಾರೂ ಉಳಿದಿರಲಿಲ್ಲ.

"ನಿನ್ನ ನೊನ್ನಾ ಮೇಲೆ," ಎಂದೆ.

"ಗೊತ್ತು," ಎಂದಳು ಮಗಳು. "ನೊನ್ನಾನೇ ಕೇಳು ಅಂದಿದ್ರು. ನಾನು ಇರೋವರ್ಗೂ ಕೇಳ್ಬೇಡ, ನಿಮ್ಮಮ್ಮ ಸುಳ್ಳು ಹೇಳ್ತಾಳೆ. ಹೋದ್ಮೇಲೆ ಕೇಳು, ನಿಜ ಹೇಳ್ತಾಳೆ ಅಂತ."

ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡನೂ ನನ್ನನ್ನು ಅಷ್ಟು ಅರಿತಿರಲಿಲ್ಲ. ಮಗಳು ನನ್ನ ಭುಜದ ಮೇಲೆ ಕೈಯಿಟ್ಟು, ಅಳುವುದು ಮುಗಿಯುವವರೆಗೆ ತೆಗೆಯಲಿಲ್ಲ. ಹಾಗೆ ಕೈಯಿಟ್ಟು ಕಾಯುವುದನ್ನು ಅವಳು ನನ್ನಿಂದ ಕಲಿತದ್ದಲ್ಲ. ಆ ಅಳುವಿನಲ್ಲೂ ಅದು ನನಗೆ ಗೊತ್ತಾಯಿತು, ಮತ್ತೆ ಒಂದಿಷ್ಟು ಹೊಟ್ಟೆ ಉರಿಯಿತು.